ಹೆಸರು ಕೇಳುವ ಬಾಗಿಲು

ಗೋವೆಯ ಫೋಂಡಾದಲ್ಲಿದ್ದ ನಮ್ಮ ಮನೆಗೆ ಹಗಲಿಗೊಂದು ಬಾಗಿಲು, ರಾತ್ರಿಗೊಂದು ಬಾಗಿಲು. ಹಗಲಿನದೆಂದರೆ ಅಂಗಡಿಯದು. ಬೆಳಗಾಗುತ್ತಲೇ ಅಪ್ಪ ಉದ್ದುದ್ದ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಆನಿಸಿಟ್ಟರೆ ರಸ್ತೆಯೇ ಮನೆಯೊಳಗೆ ಬಂದಂತಾಗುತ್ತಿತ್ತು. ಜೋಳದ ಚೀಲ, ಶೇಂಗಾದ ಚೀಲ, ಕೆಂಪು ಮೆಣಸಿನಕಾಯಿಯ ಗೋಣಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ, ಅವುಗಳ ನಡುವೆ ತಕ್ಕಡಿ, ತಕ್ಕಡಿಯ ಹಿಂದೆ ಅಪ್ಪ. ಹಿಂದಿನ ನಡುಮನೆಯಲ್ಲಿ ಉಳಿದ ಚೀಲಗಳೂ ನಾವೂ ಒಟ್ಟಿಗೇ ಮಲಗುತ್ತಿದ್ದೆವು. ರಾತ್ರಿ ಯಾರಾದರೂ ಮಗ್ಗಲು ಬದಲಿಸಿ ಗೋಣಿಗೆ ಕಾಲು ತಾಗಿಸಿದರೆ ಖಾರದ ಘಾಟೆದ್ದು ಎಲ್ಲರೂ ಸೀನುತ್ತ ಏಳುತ್ತಿದ್ದೆವು. ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಮಾಡ. ರಾತ್ರಿಯ ಬಾಗಿಲು ನಡುಮನೆಯಿಂದ ಪಕ್ಕದ ಓಣಿಗೆ ತೆರೆಯುತ್ತಿತ್ತು. ಹಲಸಿನ ಹಲಗೆಯ ಗಿಡ್ಡ ಬಾಗಿಲು. ಅಪ್ಪ ತಲೆ ಬಗ್ಗಿಸಿಯೇ ಅದನ್ನು ದಾಟಬೇಕಿತ್ತು. ಮೇಲೆ ಹಿತ್ತಾಳೆಯ ಚಿಲಕ, ನಡುವೆ ಸರಪಳಿ, ಕೆಳಗೆ ಅಡ್ಡಗೋಲು. ಅಂಗಡಿಯ ಹಲಗೆಗಳು ಮುಚ್ಚಿಕೊಂಡ ಮೇಲೆ ಯಾರೇ ಬಂದರೂ ಆ ಬಾಗಿಲನ್ನೇ ತಟ್ಟಬೇಕು.

ಈಗ ನಾವಿರುವ ಮನೆಯ ಬಾಗಿಲಿಗೆ ಗಾಜಿನ ಕಣ್ಣಿದೆ. ಹಾಗಿದ್ದೂ ಅಜ್ಜಿ ಅದರಲ್ಲಿ ಇಣುಕದೆ ಗೋಡೆಯ ಪಕ್ಕಕ್ಕೆ ಸರಿದು ನಿಂತು “ಯಾರು?” ಎಂದು ಯಾಕೆ ಕೇಳುತ್ತಾಳೆ ಎಂದು ಮೊಮ್ಮಕ್ಕಳಾದ ನೀವು ಮೊನ್ನೆ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕಿರಿ. ನಾನು ಆಗ ಏನೂ ಹೇಳಲಿಲ್ಲ. ಎದುರಿಗೆ ಕೂತು ನಾಲ್ಕು ಮಾತು ಜೋಡಿಸಿ ಹೇಳುವುದು ನನಗೆ ಇವತ್ತಿಗೂ ಕಷ್ಟ. ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಲಿ ಉಳಿದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಧಾರವಾಡದ ಕಡೆಯ ಹಳ್ಳಿಯಲ್ಲಿ ಆಯಿಯ ಜೊತೆ ಬೆಳೆದವಳು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಅವ್ವ ಮೊದಲೇ ಗೋವೆಗೆ ಬಂದು ಅಂಗಡಿ ಇಟ್ಟಿದ್ದರು. ಊರ ಶಾಲೆಯಲ್ಲಿ ಇದ್ದಷ್ಟು ತರಗತಿಗಳು ಮುಗಿದ ಮೇಲೆ ಆಯಿಯೂ ನಾನೂ ಗಂಟುಮೂಟೆ ಕಟ್ಟಿಕೊಂಡು ಅವರಿದ್ದಲ್ಲಿಗೆ ಬಂದೆವು. ಹಳ್ಳಿಯ ಮನೆಗೂ ಬಾಗಿಲಿತ್ತು, ಆದರೆ ಅದು ನಾಯಿ ಒಳಗೆ ಬರದಿರಲೆಂದು. ಅಲ್ಲಿ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಕೆಮ್ಮುತ್ತ ನೇರ ಒಳಗೇ ಬರುತ್ತಿದ್ದರು. ಕೆಮ್ಮು ಕೇಳಿಯೇ ಇಂಥವರು ಎಂದು ಗೊತ್ತಾಗುತ್ತಿತ್ತು. ಫೋಂಡಾದಲ್ಲಿ ನನಗೆ ಯಾರ ಕೆಮ್ಮೂ ಗೊತ್ತಿರಲಿಲ್ಲ. ಓಣಿಯ ಮಾತು ಕೊಂಕಣಿ, ಪೇಟೆಯ ಮಾತು ಹಿಂದಿ, ಶಾಲೆಯದು ಮರಾಠಿ. ಮೊದಲೇ ನಾಚಿಕೆಯ ಹುಡುಗಿ, ಇನ್ನಷ್ಟು ಮುದುಡಿದೆ. ಶಾಲೆ ಅಲ್ಲಿಗೇ ನಿಂತಿತು. ಅಂಗಡಿಗೆ ಗಿರಾಕಿ ಬಂದರೆ ನಾನು ಜೋಳದ ಚೀಲದ ಹಿಂದೆ ಕೂತುಬಿಡುತ್ತಿದ್ದೆ. ಭಾನುವಾರ ಮಾತ್ರ ಚೀಲದ ಮೇಲಿಂದ ತಲೆ ಎತ್ತುತ್ತಿದ್ದೆ. ಅವತ್ತು ಕಟ್ಟಡದ ಕೆಲಸದವರು, ಕೊರ್ಲಿಮ್ ಫ್ಯಾಕ್ಟರಿಯವರು, ದಾಬೋಲಿಮ್‌ನಿಂದ ಬಸ್ಸು ಹತ್ತಿ ಬಂದವರು, ಎಲ್ಲ ನಮ್ಮ ಕಡೆಯವರೇ, ವಾರದ ಜೋಳ, ಹಿಂಡಿ ಒಯ್ಯಲು ಬರುತ್ತಿದ್ದರು. ತೂಗುವುದು ಒಂದು ಗಳಿಗೆಯ ಕೆಲಸ, ಆಡುವ ಮಾತು ಎರಡು ತಾಸಿನದು. ಕೊರ್ಲಿಮ್‌ನಲ್ಲಿ ದುಡಿದು ನಮ್ಮ ಪೇಟೆಯಲ್ಲೇ ಕೋಣೆ ಹಿಡಿದಿದ್ದ ಯಲ್ಲಪ್ಪ ಎಂಬುವನು ಒಂದು ಭಾನುವಾರ ಕಿವಿಯವರೆಗೆ ನಗುತ್ತ ಬಂದದ್ದು ನೆನಪಿದೆ.

“ಅಣ್ಣಾರ, ಈ ಸಲ ಹಿಟ್ಟು ಬ್ಯಾಡ, ಜ್ವಾಳನ ಕೊಡ್ರಿ. ನಮ್ಮಾಕಿ ಬರಾಕತ್ತಾಳ, ಕೂಸಿನ ಕರಕೊಂಡು. ಅಕಿಗೆ ತಾ ಬೀಸಿದ್ದ ಆಗಬೇಕು, ಮಂದಿ ಬೀಸಿದ್ದು ಸೇರೂದಿಲ್ಲ.”

“ಬೀಸೂ ಕಲ್ಲು ಎಲ್ಲಿಂದ ತರ್ತೀಯೋ?” ಎಂದ ಅಪ್ಪ.

“ಅದನ್ನೂ ತಲಿಮ್ಯಾಲ ಹೊತಗೊಂಡ ಬರಾಕಿನರಿ ಅಕಿ!”

ನಮ್ಮ ಮನೆಯಲ್ಲಿ ಮಾತು ಬಾರದವಳು ನಾನೊಬ್ಬಳೇ ಅಲ್ಲ. ಅವ್ವ ಮನೆಯೊಳಗೆ ಗಟ್ಟಿ ಹೆಂಗಸು, ಹೊರಗೆ ಒಂದೇ ಒಂದು ಪ್ರಶ್ನೆಗೆ ಸೋಲುತ್ತಿದ್ದಳು. ರೇಷನ್ ಕಾರ್ಡಿನ ಕಚೇರಿಗೆ ಹೋದಾಗ ಅಲ್ಲಿಯವನು ಗಂಡನ ಹೆಸರು ಕೇಳಿದ. ಅವ್ವ ಸೆರಗು ಎಳೆದುಕೊಂಡು ನನ್ನ ಪಕ್ಕೆಗೆ ತಿವಿದಳು. ನಾನು ಅವಳ ಹಿಂದೆ ಸರಿದೆ. ಆತ ಮತ್ತೆ ಕೇಳಿದ. ಅವ್ವ ಮತ್ತೆ ತಿವಿದಳು. ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದಾಗ ನಾನು ನೆಲ ನೋಡುತ್ತ “ಚನ್ನಬಸಪ್ಪ” ಎಂದೆ. “ಇವಳಿಗೆ ಬಾಯಿಲ್ಲವೇ, ಗಂಡನ ಹೆಸರೇ ಗೊತ್ತಿಲ್ಲವೇ” ಎಂದು ಆತ ಹಿಂದಿಯಲ್ಲಿ ನಕ್ಕ. ಗೊತ್ತಿಲ್ಲದೆ ಏನು? ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೆ ಬಾಯಲ್ಲಿ ತರುವಂತಿಲ್ಲ, ತಂದರೆ ಅವನ ಆಯುಷ್ಯ ಸವೆಯುತ್ತದೆ ಎನ್ನುತ್ತಿದ್ದರು. ಹೇಳಲು ಒಂದೇ ದಾರಿ ಒಡಪು. ಎರಡು ಸಾಲು ಪ್ರಾಸ ಕಟ್ಟಿ ಅದರ ನಡುವೆ ಹೆಸರನ್ನು ಅಡಗಿಸಿ ಹೇಳಿದರೆ ದೋಷವಿಲ್ಲ. ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲೇ ತಡೆದು, ಒಡಪು ಹಾಕಿ ಗಂಡನ ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುವುದು. ನಮ್ಮ ಊರಲ್ಲಿ ಯಾರ ಮನೆಗೆ ಹೊಸ ಸೊಸೆ ಬಂದರೂ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದವಳು ಆಯಿ. ಪ್ರಾಸ ಜಾರಿದರೆ ಆಕೆ ಒಪ್ಪುತ್ತಿರಲಿಲ್ಲ. ಹುಡುಗಿ ಅಳುಮೋರೆ ಮಾಡಿದರೂ ಇನ್ನೊಂದು ಕಟ್ಟಿಸುತ್ತಿದ್ದಳು.

ಫೋಂಡಾಕ್ಕೆ ಬಂದ ಹೊಸತರಲ್ಲಿ ಮನೆಯಲ್ಲಿ ದಿನಾ ಎರಡು ಜಗಳ. ಒಂದು ಮೀನಿನದು. ನಮ್ಮ ಗೋಡೆಗೆ ಗೋಡೆ ಹಂಚಿಕೊಂಡ ಮನೆ ಶೇವಂತಿಬಾಯಿಯದು. ಆಕೆ ಮಧ್ಯಾಹ್ನ ಬಂಗಡೆ ಹುರಿಯಲು ಇಟ್ಟಳೆಂದರೆ ಆಯಿ ದೇವರ ಮುಂದೆ ಊದಿನಕಡ್ಡಿಯ ಕಟ್ಟನ್ನೇ ಹಚ್ಚಿ, ಗೋಡೆಗೆ ಕೇಳುವ ಹಾಗೆ ಸೀನುತ್ತಿದ್ದಳು. ನಮ್ಮ ಖಾರದ ಘಾಟಿಗೆ ಆ ಕಡೆಯಿಂದ ಶೇವಂತಿಬಾಯಿಯೂ ಹಾಗೆಯೇ ಸೀನುತ್ತಿದ್ದಳು. ಆದರೂ ಸಂಜೆಗೆ ಅವಳ ಮನೆಯಿಂದ ಕೋಕಮ್ಮಿನ ಸಾರು ಬರುತ್ತಿತ್ತು, ನಮ್ಮ ಮನೆಯಿಂದ ಎಳ್ಳು ಹಚ್ಚಿದ ರೊಟ್ಟಿ ಹೋಗುತ್ತಿತ್ತು. ಇನ್ನೊಂದು ಜಗಳ ಬಾಗಿಲಿನದು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ವೇಳೆ ಎನ್ನುವಳು ಆಯಿ. ಹಣ ಎಣಿಸುವ ಹೊತ್ತದು, ಮುಚ್ಚಿರಬೇಕು ಎನ್ನುವವನು ಅಪ್ಪ.

“ಲಕ್ಷ್ಮಿ ಬಂದರ ಅಂಗಡೀ ಕಡಿಂದ ಬರ್ತಾಳವ್ವ, ಓಣಿ ಕಡಿಂದ ಕಳ್ಳರ ಬರೂದು.”

“ನಿಮ್ಮಪ್ಪ ಇದ್ದಾಗ ನಮ್ಮ ಮನೀಗೆ ಚಿಲಕಾನ ಇರಲಿಲ್ಲೋ.”

“ಇರಾಕ ಏನ ಇತ್ತು ಮನ್ಯಾಗ, ಚಿಲಕಾ ಹಾಕಾಕ?”

ಆಯಿ ಅವತ್ತು ಊಟ ಬಿಟ್ಟಳು. ಮರುದಿನ ಸಂಜೆ ಅಪ್ಪನೇ ದೀಪದ ಹೊತ್ತಿಗೆ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ತಾನೇ ಅಡ್ಡ ಕೂತ.

ಆ ಗೇಣೂ ಮುಚ್ಚಿಹೋಗುವ ಸಂಗತಿ ನಡೆದದ್ದು ಚೌತಿಯ ಹಬ್ಬ ಮುಗಿದ ಬೆನ್ನಿಗೇ. ಹಿಂದಿನ ಬೀದಿಯ ಒಂದು ಮನೆಯ ಬಾಗಿಲನ್ನು ರಾತ್ರಿ ಒಬ್ಬ ಹೆಂಗಸು ತಟ್ಟಿ ನೀರು ಕೇಳಿದಳಂತೆ. ತೆರೆದರೆ ಅವಳ ಹಿಂದಿನಿಂದ ಗಂಡಸರು ನುಗ್ಗಿದರಂತೆ. ಮನೆಯವರನ್ನು ಹೊಡೆದು, ಮೈಮೇಲಿನ ಬಂಗಾರ ಬಿಚ್ಚಿಸಿಕೊಂಡು ಹೋದರು. ಪೇಟೆಯಲ್ಲಿ ವಾರವೆಲ್ಲ ಅದೇ ಮಾತು. ಅಪ್ಪ ಸರಕು ತರಲು ಬೆಳಗಾವಿಗೆ ಹೋದರೆ ಎರಡು ರಾತ್ರಿ ಬರುತ್ತಿರಲಿಲ್ಲ. ಹಾಗಾಗಿ ಅವನು ನಮ್ಮನ್ನೆಲ್ಲ ಚೀಲಗಳ ನಡುವೆ ಕೂಡಿಸಿ ಕಾನೂನು ಮಾಡಿದ. ಬಾಗಿಲ ಎದುರಿಗೆ ನಿಲ್ಲಬಾರದು, ಗೋಡೆಯ ಪಕ್ಕಕ್ಕೆ ನಿಂತು ಮಾತಾಡಬೇಕು. ಒಳಗಿನ ದೀಪ ಆರಿಸಿ ಹೊರಗಿನ ದೀಪ ಹಾಕಬೇಕು. ಮನೆಯಲ್ಲಿ ಗಂಡಸಿಲ್ಲ ಎಂದು ಗೊತ್ತುಮಾಡಬಾರದು. ಅದಕ್ಕೆ ಅಪ್ಪನ ಹಳೆಯ ಚಪ್ಪಲಿ ಹೊರಗೆ, ಆಯಿಯ ಕೆಮ್ಮು ಒಳಗೆ. ಆಯಿ ಗಂಡು ಕೆಮ್ಮು ಕೆಮ್ಮಿದರೆ ನನಗೇ ಹೆದರಿಕೆಯಾಗುತ್ತಿತ್ತು. ಏನಾದರೂ ಸಂಶಯ ಬಂದರೆ ಒನಕೆಯಿಂದ ಶೇವಂತಿಬಾಯಿಯ ಗೋಡೆ ಕುಟ್ಟಬೇಕು. ಅವಳ ಅಟ್ಟದ ಕಿಟಕಿಯಿಂದ ನಮ್ಮ ಬಾಗಿಲು ಕಾಣುತ್ತಿತ್ತು. ಅವಳ ಗಂಡ ದಾಮು ಬಾಡಿಗೆಗೆ ಮೋಟರ್‌ಸೈಕಲ್ ಓಡಿಸುವ ಪೈಲಟ್, ಕರೆದರೆ ಬರುವಂಥ ಮನುಷ್ಯ. ಎಲ್ಲಕ್ಕಿಂತ ದೊಡ್ಡದು ಕೊನೆಯ ಕಾನೂನು.

“ಹೆಸರು, ಊರು, ಯಾರ ಮನಿಯವರು, ಈ ಮೂರೂ ಹೇಳಬೇಕು. ಗಂಡಸಾದರ ಅಪ್ಪನ ಹೆಸರು, ಹೆಂಗಸಾದರ ಗಂಡನ ಹೆಸರು. ಒಂದು ತಪ್ಪಿದ್ರೂ ತಗೀಬ್ಯಾಡ್ರಿ. ಸಾಯಾಕತ್ತೇನಿ ಅಂದ್ರೂ ತಗೀಬ್ಯಾಡ್ರಿ. ನೆಟ್ಟಗಿದ್ದವರು ಹೆಸರ ಹೇಳಾಕ ಹೆದರೂದಿಲ್ಲ.”

ಅವ್ವ ತಲೆ ಆಡಿಸಿದಳು. ಆಯಿ ತಲೆ ಆಡಿಸಿದಳು. ಅದರಲ್ಲಿ ಏನು ತಪ್ಪಿದೆ ಎಂದು ನಮಗೆ ಮೂವರಿಗೂ ಆಗ ಹೊಳೆಯಲಿಲ್ಲ.

ಅಪ್ಪ ಬೆಳಗಾವಿಗೆ ಹೋಗಿದ್ದ ರಾತ್ರಿಯೇ ಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ, ಬೆರಳ ಗೆಣ್ಣಿನಿಂದಲ್ಲ, ಅಂಗೈಯಿಂದ. ಬಾಗಿಲಿಗೆ ಹತ್ತಿರ ಮಲಗಿದವಳು ನಾನು. ಎದ್ದು ಕೂತರೆ ಅವ್ವ ಆಗಲೇ ಗೋಡೆಗೆ ಒರಗಿ ನಿಂತಿದ್ದಳು. ಹೊರಗಿನ ದೀಪದ ಗುಂಡಿ ಒತ್ತಿದಳು. ಬಾಗಿಲ ಸಂದಿಯಿಂದ ಬೆಳಕಿನ ಒಂದು ಗೆರೆ ಒಳಗೆ ಬಿತ್ತು. ಆಯಿ ಕೆಮ್ಮಿದಳು.

“ಯಕ್ಕಾ... ಅಂಗಡಿ ಯಕ್ಕಾ... ಬಾಗಲಾ ತಗೀರಿ.”

“ಯಾರದು?”

“ನಾನ್ರೀ. ಕೂಸಿನ ಮೈ ಕೆಂಡಾಗೇತ್ರಿ. ಕಣ್ಣ ಮ್ಯಾಲ ಮಾಡಾಕತ್ತೈತ್ರಿ ಯಕ್ಕಾ.”

“ನಾನು ಅಂದ್ರ ಯಾರು? ಹೆಸರು ಹೇಳ.”

“ಗಂಗವ್ವರೀ.”

“ಯಾವೂರು?”

“ನವಲಗುಂದ ಕಡೀದಾಕಿರಿ. ಇಲ್ಲಿಗೆ ಬಂದು ಎರಡ ದಿನಾ ಆತ್ರಿ. ಇಲ್ಲಿ ಮಾತು ಒಂದೂ ತಿಳಿಯೂದಿಲ್ರಿ.”

“ಯಾರ ಮನಿಯಾಕಿ? ಗಂಡನ ಹೆಸರೇನು?”

ಹೊರಗೆ ಮಾತು ನಿಂತಿತು. ಅವ್ವ ಮತ್ತೆ ಕೇಳಿದಳು. ಮಗುವಿನ ಸಣ್ಣ ನರಳಾಟ ಕೇಳಿಸಿತು, ಉತ್ತರ ಕೇಳಿಸಲಿಲ್ಲ. ಆಮೇಲೆ ತೊದಲುತ್ತ,

“ನಮ್ಮ ಮನಿಯವರು ಕೊರ್ಲಿಮ್ ಫ್ಯಾಕ್ಟರ್ಯಾಗ ದುಡಿತಾರ್ರಿ. ರಾತ್ರಿ ಪಾಳೇಕ ಹೋಗ್ಯಾರ್ರಿ.”

“ಹೆಸರ ಕೇಳಿದ್ರ ಫ್ಯಾಕ್ಟರಿ ಹೇಳ್ತಾಳ,” ಆಯಿ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದಳು. “ತಗೀಬ್ಯಾಡ. ಹಿಂದ ಗಂಡಸೂರು ನಿಂತಿರ್ತಾರ. ಹೆಸರು ಹೊಂದಿಸಾಕ ಹೊತ್ತ ಹಿಡದೈತಿ ಅಕಿಗೆ.”

“ಕೂಸು ನರಳಾಕತ್ತೈತಲ್ರಿ ಅತ್ತಿ.”

“ಆ ಬೀದ್ಯಾಗೂ ನೀರು ಅಂತನ ಬಂದಿದ್ಲು. ಚನ್ನೂ ಏನ ಹೇಳ್ಯಾನ? ಸಾಯಾಕತ್ತೇನಿ ಅಂದ್ರೂ ತಗೀಬ್ಯಾಡ್ರಿ ಅಂದಾನ.”

ಅವ್ವನ ಕೈ ಸರಪಳಿಯ ಮೇಲೆ ಹೋಗಿ ಹಿಂದಕ್ಕೆ ಬಂತು. “ಗಂಡನ ಹೆಸರ ಹೇಳವ್ವಾ, ಹೇಳಿದ್ರ ತಗೀತೇನಿ” ಎಂದು ಮೂರನೆಯ ಸಲ ಕೇಳುವಾಗ ಅವಳ ದನಿ ಬೇಡಿಕೊಳ್ಳುವಂತಿತ್ತು. ಹೊರಗಿನವಳು ಅಳಲು ಶುರುಮಾಡಿದಳು. ಹೆಸರು ಬರಲಿಲ್ಲ. ಬೆಳಕಿನ ಆ ಗೆರೆಯಲ್ಲಿ ನನಗೆ ಅವ್ವನ ಮುಖ ಕಾಣಿಸುತ್ತಿತ್ತು. ಆ ಮುಖವನ್ನು ನಾನು ಹಿಂದೆಯೂ ಒಮ್ಮೆ ಹಾಗೆ ಕಂಡಿದ್ದೆ. ರೇಷನ್ ಕಾರ್ಡಿನ ಕಚೇರಿಯಲ್ಲಿ, ಅದೇ ಪ್ರಶ್ನೆಯ ಎದುರಿಗೆ. ನಾನು ಹಾಸಿಗೆಯಿಂದ ಎದ್ದು ಅವಳ ಸೆರಗು ಹಿಡಿದೆ.

“ಅವ್ವಾ, ನೀನಾರ ಹೇಳ್ತಿದ್ದೇನು?”

ಅವ್ವ ತಿರುಗಿ ನನ್ನನ್ನು ನೋಡಿದಳು. ಆಯಿಯ ಕೆಮ್ಮು ಅರ್ಧಕ್ಕೆ ನಿಂತಿತು. ಮೊದಲು ಅಲುಗಿದವಳು ಆಯಿ. ಬಾಗಿಲ ಪಕ್ಕದ ಗೋಡೆಗೆ ಭುಜ ಕೊಟ್ಟು ನಿಂತಳು, ಊರಲ್ಲಿ ಹೊಸ ಸೊಸೆಯರನ್ನು ತಡೆದು ನಿಲ್ಲುತ್ತಿದ್ದ ಹಾಗೆಯೇ.

“ಏ ಹುಡುಗಿ, ಅಳೂದ ಸಾಕು. ನಿನ್ನ ಮದುವ್ಯಾಗ ಹೊಸ್ತಲದಾಗ ತಡದಿರಲಿಲ್ಲೇನ? ಒಡಪು ಹಾಕಿ ಹೇಳ ಗಂಡನ ಹೆಸರ.”

ಹೊರಗಿನಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು. ಮೂಗು ಸೊರ್ರೆಂದು ಎಳೆದುಕೊಂಡಳು. ಆಮೇಲೆ, ಒಡೆದ ದನಿಯಲ್ಲಿ, ಆದರೆ ತಾಳ ತಪ್ಪದೆ ಹೇಳಿದಳು.

“ಎಳ್ಳ ಹಚ್ಚಿ ಬಡದೇನಿ ಜ್ವಾಳದ ರೊಟ್ಟಿ,
ಯಲ್ಲಪ್ಪನವರ ಹೆಸರ ಹೇಳ್ತೇನಿ ಅಕ್ಕಾರ ಬಾಗಲಾ ತಟ್ಟಿ.”

“ನಮ್ಮ ಜ್ವಾಳದ ಯಲ್ಲಪ್ಪ!” ಎಂದಳು ಅವ್ವ.

“ಪ್ರಾಸ ಚಲೋ ಐತಿ,” ಎಂದಳು ಆಯಿ. “ತಗೀರಿ.”

ಅವ್ವ ತೆಗೆಯಲಿಲ್ಲ. ಇದನ್ನು ನೀವು ಗಮನಿಸಬೇಕು. ಒಳಗಿನ ಮೂವರಿಗೂ ಮನಸ್ಸು ಕರಗಿತ್ತು, ಆದರೂ ಆಕೆ ಚಿಲಕ ಮುಟ್ಟುವ ಮೊದಲು ಒನಕೆ ಎತ್ತಿ ಶೇವಂತಿಬಾಯಿಯ ಗೋಡೆಯನ್ನು ಕುಟ್ಟಿದಳು. ಹೊರಗಿದ್ದವಳಿಗೆ “ಒಂದ ಗಳಿಗಿ ನಿಂದರ ತಂಗಿ, ಹೆದರಬ್ಯಾಡ, ತಗೀತೇವಿ” ಎಂದು ಕೂಗಿ ಹೇಳಿದಳು. ಅಟ್ಟದ ಕಿಟಕಿ ತೆರೆದ ಸದ್ದು ಕೇಳಿತು. ಟಾರ್ಚಿನ ಬೆಳಕು ಓಣಿಯ ಆ ತುದಿಯಿಂದ ಈ ತುದಿಗೆ ಓಡಾಡಿತು.

“ಏಕಲೀಚ ಆಸಾ ಗೊ!” ಶೇವಂತಿಬಾಯಿ ಮೇಲಿನಿಂದ ಕೂಗಿದಳು. “ಹಾತಾಂತ ಬಾಳ ಆಸಾ. ದುಸ್ರೆಂ ಕೋಣ ನಾ!”

ಒಬ್ಬಳೇ ಇದ್ದಾಳೆ, ಕೈಯಲ್ಲಿ ಮಗು, ಬೇರೆ ಯಾರೂ ಇಲ್ಲ. ನಮಗೆ ಅಷ್ಟು ಕೊಂಕಣಿ ತಿಳಿಯುತ್ತಿತ್ತು. ಆಗ ಅಡ್ಡಗೋಲು ಸರಿಯಿತು, ಚಿಲಕ ಕಳಚಿತು, ಸರಪಳಿ ಹಾಗೆಯೇ ಇಟ್ಟು ಅವ್ವ ಸಂದಿಯಿಂದ ನೋಡಿದಳು, ಕೊನೆಗೆ ಸರಪಳಿಯನ್ನೂ ಬಿಚ್ಚಿದಳು. ಹೊಸ್ತಿಲ ಮೇಲೆ ನನ್ನಕ್ಕನಾಗುವಷ್ಟೇ ವಯಸ್ಸಿನ ಹುಡುಗಿ, ಕಾಲಲ್ಲಿ ಚಪ್ಪಲಿ ಇಲ್ಲ. ಮಗುವನ್ನು ತನ್ನ ಮದುವೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದಳು. “ಹಿಂದ ಗಂಡಸೂರು” ಎಂದಿದ್ದ ಆಯಿಯೇ ಮಗುವನ್ನು ಕಸಿದುಕೊಂಡಂತೆ ತೆಗೆದುಕೊಂಡು, ಬಟ್ಟೆ ಬಿಚ್ಚಿ, ತಾಮ್ರದ ಹಂಡೆಯ ನೀರಿನಲ್ಲಿ ಪಂಚೆ ಅದ್ದಿ ಮೈ ಒರೆಸತೊಡಗಿದಳು. ದಾಮು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೋಟರ್‌ಸೈಕಲ್ ಚಾಲೂ ಮಾಡಿದ.

“ದವಾಖಾನ್ಯಾಗ ಅವರು ಕೊಂಕಣಿ ಮಾತಾಡ್ತಾರ. ನನಗ ಏನೂ ತಿಳಿಯೂದಿಲ್ರಿ ಯಕ್ಕಾ,” ಎಂದಳು ಗಂಗವ್ವ.

“ನಾ ಬರ್ತೇನಿ,” ಎಂದಳು ಅವ್ವ.

ಕಚೇರಿಯಲ್ಲಿ ನನ್ನ ಪಕ್ಕೆಗೆ ತಿವಿದು ನಿಂತವಳು ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾಮುವಿನ ಹಿಂದೆ ಮಗುವಿನೊಂದಿಗೆ ಗಂಗವ್ವ, ಗಂಗವ್ವನ ಹಿಂದೆ ತಾನು ಎಂದು ಕೂತು ಸರಕಾರಿ ಆಸ್ಪತ್ರೆಗೆ ಹೋದಳು. ಅವರು ಹೋದ ಮೇಲೆ ಆಯಿ ಬಾಗಿಲು ಮುಚ್ಚಿ, ಅಡ್ಡಗೋಲು ಹಾಕಿ, ಅದಕ್ಕೆ ವಿಭೂತಿ ಹಚ್ಚಿದಳು. ಇಬ್ಬರೂ ಮಲಗಲಿಲ್ಲ. ಮಗುವಿಗೆ ಜ್ವರ ನೆತ್ತಿಗೇರಿ ಸೆಳೆತ ಬಂದಿತ್ತಂತೆ. ಬೆಳಗಾಗುವುದರೊಳಗೆ ಇಳಿಯಿತು. ಆಸ್ಪತ್ರೆಯಲ್ಲಿ ಮಗುವಿನ ತಂದೆಯ ಹೆಸರು ಕೇಳಿದಾಗ ಗಂಗವ್ವ ಮತ್ತೆ ನೆಲ ನೋಡಿದಳಂತೆ. ಅವ್ವ ಮಾತ್ರ “ಯಲ್ಲಪ್ಪ! ಯಲ್ಲಪ್ಪ!” ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದಳಂತೆ. ಮಂದಿಯ ಗಂಡನ ಹೆಸರಿಗೆ ಯಾವ ದೋಷವೂ ಇಲ್ಲವಲ್ಲ.

ಇನ್ನೊಂದು ರಾತ್ರಿ ಕಳೆದು ಅಪ್ಪ ಬಂದ. ಸರಕು ಇಳಿಸಿ, ಕೈಕಾಲು ತೊಳೆದು, ಅಡುಗೆಮನೆಯಲ್ಲಿ ಕೂತಾಗ ಅವ್ವ ರೊಟ್ಟಿ ಬಡಿಯುತ್ತ ಎಲ್ಲ ಹೇಳಿದಳು. ನಾವು ಅವನು ಮೆಚ್ಚುತ್ತಾನೆ ಎಂದುಕೊಂಡಿದ್ದೆವು. ಅವನ ಮುಖ ಗಂಟಾಯಿತು.

“ಮೂರು ಸಲ ಕೇಳಿದ್ರೂ ಗಂಡನ ಹೆಸರ ಹೇಳಲಿಲ್ಲ, ಆದ್ರೂ ತಗದ್ರಿ?”

“ಒಡಪು ಹಾಕಿ ಹೇಳಿದ್ಲಲ್ರಿ.”

“ಒಡಪಂತ ಒಡಪು! ಅದೇನ ಮದವಿ ಮನಿಯೇನು? ಮೂರು ಹೆಣಮಕ್ಕಳು ಇರೂ ಮನಿ. ಯಾರರ ಒಳಗ ಬಂದಿದ್ರ ಏನ ಮಾಡ್ತಿದ್ರಿ? ನಾ ಕಾನೂನ ಮಾಡಿದ್ದು ಯಾಕ?”

ಅಪ್ಪನ ಸಿಟ್ಟಿನ ಒಳಗೆ ಹೆದರಿಕೆ ಇತ್ತು. ಅದು ಈಗ ನನಗೆ ಅರ್ಥವಾಗುತ್ತದೆ. ಬೆಳಗಾವಿಯ ಛತ್ರದಲ್ಲಿ ಮಲಗಿದವನಿಗೆ ನಮ್ಮ ಬಾಗಿಲಿನ ಚಿಂತೆ ಬಿಟ್ಟು ಬೇರೇನಿದ್ದೀತು? ಆದರೆ ಅವ್ವ ಅವತ್ತು ಸುಮ್ಮನಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ, ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಎದ್ದು ನಡುಮನೆಗೆ ಹೋದಳು. ರಾತ್ರಿಯ ಬಾಗಿಲು ತೆರೆದು ಹೊರಗೆ ಹೋಗಿ ನಿಂತಳು.

“ನಿಮ್ಮ ಕಾನೂನಿನ ಪರಕಾರ ನನ್ನ ಒಳಗ ಕರಕೋರಿ, ನೋಡೋಣು.”

“ಹುಚ್ಚ ಹಿಡದೈತೇನ ನಿನಗ?”

ಅಷ್ಟರಲ್ಲಿ ಆಯಿ ಎದ್ದು ಬಾಗಿಲು ಮುಚ್ಚಿ ಅಡ್ಡಗೋಲು ಹಾಕಿಬಿಟ್ಟಳು. “ಕೇಳೋ ಚನ್ನೂ. ಕಾನೂನ ಮಾಡಿದಾಂವ ನೀನ ಅಲ್ಲಾ?”

ಅಪ್ಪ ಬಾಗಿಲ ಮುಂದೆ ನಿಂತ. ನಗಲೋ ಬೈಯಲೋ ತಿಳಿಯದೆ ಒಮ್ಮೆ ನನ್ನ ಕಡೆ ನೋಡಿದ. ನಾನು ಜೋಳದ ಚೀಲದ ಹಿಂದೆ ಸರಿದೆ.

“ಯಾರು?” ಎಂದ ಕೊನೆಗೆ.

“ನಾನು.”

“ನಾನು ಅಂದ್ರ?”

“ಶಾಂತವ್ವ.”

“ಯಾವೂರು?”

“ಗಂಡನ ಊರ ನನ್ನೂರು. ಧಾರವಾಡದ ಕಡೆ.”

“ಯಾರ ಮನಿಯಾಕಿ?”

ಹೊರಗೆ ಸದ್ದಿಲ್ಲ. ಶೇವಂತಿಬಾಯಿಯ ಅಟ್ಟದ ಕಿಟಕಿ ತೆರೆದುಕೊಂಡಿತು. ಅಡುಗೆಮನೆಯಿಂದ ರೊಟ್ಟಿ ಹೊತ್ತುವ ವಾಸನೆ ಬರತೊಡಗಿತು. ಅದನ್ನು ತಿರುವಿ ಹಾಕಲು ನಾನೂ ಹೋಗಲಿಲ್ಲ, ಆಯಿಯೂ ಹೋಗಲಿಲ್ಲ. ಅಪ್ಪ ಇನ್ನೊಮ್ಮೆ ಕೇಳಿದ. ಆ ಕಡೆ ಅವನ ಹೆಂಡತಿ, ಅವನ ಮಗಳ ತಾಯಿ, ಕೈಯಲ್ಲಿ ಅವನ ರೊಟ್ಟಿಯ ಹಿಟ್ಟು. ಈ ಕಡೆ ಅವನದೇ ಮೂರು ಪ್ರಶ್ನೆ. ಎರಡಕ್ಕೆ ಉತ್ತರ ಬಂದಿತ್ತು. ಮೂರನೆಯದಕ್ಕೆ ಬರುವುದಿಲ್ಲ ಎಂದು ಅವನಿಗೆ ಈಗ ಗೊತ್ತಾಗಿತ್ತು. ಹಣೆಯನ್ನು ಬಾಗಿಲಿಗೆ ಆನಿಸಿದ. ಮೆಲ್ಲಗೆ,

“ಒಡಪು ಹಾಕ,” ಎಂದ.

“ಹಾಕೂದಿಲ್ಲ. ಮೊದಲ ಕಾನೂನ ತಿದ್ದರಿ.”

“ಮಂದಿ ನೋಡಾಕತ್ತಾರಲ್ಲ.”

“ನೋಡ್ಲಿ. ಅಕಿ ಕೂಸು ಎತಗೊಂಡ ನಿಂತಾಗ ನೋಡಾಕ ಯಾರೂ ಇರಲಿಲ್ಲ.”

ಅಪ್ಪ ಆಯಿಯ ಕಡೆ ತಿರುಗಿದ. ಆಯಿ ಅಡ್ಡಗೋಲಿನ ಮೇಲೆ ಕೈ ಊರಿ ಚಾವಣಿ ನೋಡುತ್ತಿದ್ದಳು.

“ತಿದ್ದಿದೆ,” ಎಂದ ಅಪ್ಪ. “ಹೆಂಗಸೂರು ಒಡಪು ಹಾಕಿ ಹೇಳಿದ್ರೂ ನಡೀತೈತಿ. ಒಡಪು ಗೊತ್ತಿರದ ಮಂದೀಗೆ ಬ್ಯಾರೆ ಗುರುತು ಕೇಳೂದು. ಸಾಕೇನು?”

“ಶೇವಂತಿಬಾಯಿ ನೋಡಿ ಹೇಳೂತನಕ ಯಾರಿಗೂ ತಗಿಯೂದಿಲ್ಲ. ಆದ್ರ ಯಾರನ್ನೂ ಸುಮ್ಮನ ಹೊರಗ ನಿಲ್ಲಸೂದೂ ಇಲ್ಲ. ಒಳಗಿಂದ ಮಾತಾಡ್ತನ ಇರಬೇಕು. ದಾಮೂನ್ನ ಎಬ್ಬಸಬೇಕು.”

“ಆತು.”

“ಕೇಳೂದು ನೀಲಾ.”

ನೀಲಾ ಎಂದರೆ ನಾನು. ಚೀಲದ ಹಿಂದೆ ಇನ್ನಷ್ಟು ಕುಗ್ಗಿದೆ.

“ಅಕೀ? ಅಕಿಗೆ ಗಿರಾಕಿ ಮುಖ ನೋಡಾಕ ನಾಚ್ಕಿ!”

“ಬಾಗಲದಾಗ ಮುಖ ಎಲ್ಲಿ ಕಾಣತೈತಿ? ಯಾರಿಗೆ ಏನ ಹೇಳಾಕಾಗವಲ್ದು ಅನ್ನೂದು ಅವತ್ತ ತಿಳಿದದ್ದ ಅಕಿಗೊಬ್ಬಾಕಿಗೆ.”

ಅಪ್ಪ ಮತ್ತೆ “ಆತು” ಎಂದ. ಆಗ ಅವ್ವ ಹೊರಗಿನಿಂದ, ಓಣಿಗೆಲ್ಲ ಕೇಳುವ ಹಾಗೆ, ಹೇಳಿದಳು.

“ಹಂಚಿನ ಮ್ಯಾಲ ರೊಟ್ಟಿ ಹೊತ್ತೈತಿ ಹೊರಳಿಸೋರು ಇಲ್ಲದ,
ಚನ್ನಬಸಪ್ಪನವರ ಹೆಸರ ಹೇಳ್ತೇನಿ ಯಾರ ಅಂಜಿಕಿ ಇಲ್ಲದ.”

ಆಯಿ ಅಡ್ಡಗೋಲು ಎತ್ತಿದಳು. ಅವತ್ತು ಎಲ್ಲರೂ ಕರಕಲು ರೊಟ್ಟಿ ತಿಂದೆವು. ಅಪ್ಪ ಮೊದಲ ತುತ್ತಿಗೇ ಚಲೋ ಆಗೇತಿ ಅಂದ. ಅವ್ವ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದಳು. ಮುಂದಿನ ಭಾನುವಾರ ಗಂಗವ್ವ, ಯಲ್ಲಪ್ಪ ಮಗುವನ್ನು ಕರೆದುಕೊಂಡು ಬಂದರು. ಅಂಗಡಿಯ ಹಲಗೆಗಳೆಲ್ಲ ತೆರೆದಿದ್ದರೂ ಗಂಗವ್ವ ಸುತ್ತು ಹಾಕಿ ಓಣಿಗೆ ಬಂದು ಮುಚ್ಚಿದ ಬಾಗಿಲನ್ನು ಅಂಗೈಯಿಂದ ತಟ್ಟಿದಳು. ನಾನು ಗೋಡೆಯ ಪಕ್ಕಕ್ಕೆ ಸರಿದು ಮೊದಲ ಸಲ ಕೇಳಿದೆ, “ಯಾರು?” ನನ್ನ ದನಿ ನನಗೇ ಹೊಸದಾಗಿತ್ತು.

ಆಮೇಲೆ ಮದುವೆಯಾಗಿ ಹೋಗುವತನಕ ಆ ಕೆಲಸ ನನ್ನದು. ಎದುರಿಗೆ ಮುಖವಿದ್ದರೆ ಬಾರದ ಮಾತು ನಡುವೆ ಒಂದು ಬಾಗಿಲಿದ್ದರೆ ನನಗೆ ಬರುತ್ತಿತ್ತು. ಹೆರಿಗೆ ನೋವಿನವಳು ಬಂದಳು, ಕೈ ಕತ್ತರಿಸಿಕೊಂಡವನು ಬಂದ, ಕೊನೆಯ ಬಸ್ಸು ತಪ್ಪಿಸಿಕೊಂಡ ಇಡೀ ಸಂಸಾರವೇ ಬಂತು. ತೆರೆಯದ ರಾತ್ರಿಗಳೂ ಇದ್ದವು. ಒಬ್ಬ ಸಕ್ಕರೆಯಂಥ ದನಿಯವನು ತನ್ನ ಹೆಸರು, ಊರು, ತನ್ನ ತಂದೆಯ ಹೆಸರು ಎಲ್ಲ ಸರಿಯಾಗಿ ಹೇಳಿದ. “ನಿಂದರ್ರಿ, ಪಕ್ಕದ ಮನಿಯವರು ನಿಮ್ಮ ಮುಖ ನೋಡ್ತಾರ” ಎಂದೆ. ಕಿಟಕಿ ತೆರೆಯುವುದರೊಳಗೆ ಓಣಿಯಲ್ಲಿ ಓಡುವ ಕಾಲ ಸಪ್ಪಳ, ಒಬ್ಬನದಲ್ಲ. ಇನ್ನೊಬ್ಬ ಕುಡಿದವನು ಬಾಗಿಲಿಗೆ ಒದ್ದು ಕೆಟ್ಟ ಮಾತು ಆಡಿದ. ನಾನು ಉತ್ತರಿಸಲಿಲ್ಲ, ಹೆದರಿ ಚೀಲದ ಹಿಂದೆಯೂ ಹೋಗಲಿಲ್ಲ. ಒನಕೆ ಎತ್ತಿ ಗೋಡೆ ಕುಟ್ಟಿದೆ. ತೆಗೆಯದೇ ಇದ್ದದ್ದಕ್ಕೆ ಒಂದು ದಿನವೂ ಮರುಗಿಲ್ಲ.

ನನ್ನ ಮದುವೆಯಲ್ಲಿ ಹೊಸ್ತಿಲಲ್ಲಿ ತಡೆದಾಗ ನಾಚಿಕೆಗೆ ಬಾಯಿ ಕಟ್ಟಿತು. ಬಾಗಿಲು ಮುಚ್ಚಿರಿ, ಆಗ ಹೇಳುತ್ತೇನೆ ಎಂದೆ. ಎಲ್ಲರೂ ನಕ್ಕರು, ಆದರೂ ಮುಚ್ಚಿದರು. ಆಗ ಹೇಳಿದ ಒಡಪನ್ನು ನಿಮ್ಮ ಅಜ್ಜ ಇರುವತನಕ ಕೇಳಿ ಕೇಳಿ ಹೇಳಿಸುತ್ತಿದ್ದರು. ಅವರು ಹೋದ ಮೇಲೆ ಬಂಧು ಹೆಂಗಸರು, ಇನ್ನು ಒಡಪು ನಿನಗಿಲ್ಲ, ಅದು ಮುತ್ತೈದೆಯರದು ಎಂದರು. ಅವತ್ತು ನಾನು ತಲೆ ಆಡಿಸಿದೆ. ಈಗ ಆಡಿಸುವುದಿಲ್ಲ. ಗಾಜಿನ ಕಣ್ಣಿನಲ್ಲಿ ಕಾಣುವುದು ಮುಖ ಮಾತ್ರ, ಅದರ ಹಿಂದೆ ಯಾರು ನಿಂತಿದ್ದಾರೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮದುವೆಗಿದುವೆ ಮುಗಿಸಿ ರಾತ್ರಿ ಹೊತ್ತುಮಾಡಿ ಬರುತ್ತೀರಿ, ಗಂಟೆ ಒತ್ತುತ್ತೀರಿ, ನಾನು ಪಕ್ಕಕ್ಕೆ ಸರಿದು “ಯಾರು?” ಎನ್ನುತ್ತೇನೆ. ಎಲ್ಲ ಸರಿ ಇದ್ದರೆ ಕೆಳಗೆ ಬರೆದಿರುವ ನನ್ನ ಆ ಒಡಪನ್ನು ಪೂರ್ತಿ ಹೇಳಿ. ಯಾರಾದರೂ ನಿಮ್ಮನ್ನು ಹೆದರಿಸಿ ಬಾಗಿಲು ತೆಗೆಸುತ್ತಿದ್ದರೆ ಮೊದಲ ಸಾಲು ಮಾತ್ರ ಹೇಳಿ ನಿಲ್ಲಿಸಿ. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ, ಒನಕೆ ಇನ್ನೂ ನನ್ನ ಮಂಚದ ಕೆಳಗಿದೆ.

“ಹಲಸಿನ ಬಾಗಲಕ ಹಿತ್ತಾಳಿ ಚಿಲಕ,
ಮಾದೇವಪ್ಪನವರ ಹೆಸರ ಹೇಳ್ತೇನಿ ಉಸರಿರೂತನಕ.”

ಬಾಯಿಪಾಠ ಮಾಡಿಕೊಳ್ಳಿ. ಪ್ರಾಸ ತಪ್ಪಿದರೆ, ಮೊಮ್ಮಕ್ಕಳಾದರೂ ಸರಿ, ಹೊರಗೇ ನಿಲ್ಲಿಸಿ ಇನ್ನೊಮ್ಮೆ ಹೇಳಿಸುತ್ತೇನೆ.